ಪ್ಲೇಟಿನ ಲೆಕ್ಕ, ಎಲೆಯ ಲೆಕ್ಕ

ಜನವರಿ ೯, ೨೦೦೨. ಬುಧವಾರ

ಹೊಸ ಡೈರಿಯನ್ನು ತಡವಾಗಿ ಶುರು ಮಾಡುತ್ತಿದ್ದೇನೆ. ಮುಂಬೈಯ ಮಾಟುಂಗದಲ್ಲಿ ಹೋಟೆಲಿನ ಮ್ಯಾನೇಜರ್ ಆಗಿದ್ದಾಗ ಇಂಥ ಸೋಮಾರಿತನ ಇರಲಿಲ್ಲ. ಹಾಲು ಎಷ್ಟು ಒಡೆಯಿತು, ಯಾವ ಸಪ್ಲೈಯರ್ ಹೇಳದೆ ರಜೆ ಹಾಕಿದ, ಯಾವ ಗಿರಾಕಿ ಚಟ್ನಿಗೆ ಜಗಳವಾಡಿದ ಅಂತ ಪುಟ ತುಂಬುತ್ತಿತ್ತು. ಇಲ್ಲಿ ತ್ರಾಸಿಯಲ್ಲಿ ಬರೆಯುವುದಕ್ಕೆ ಏನಿದೆ? ಎದ್ದೆ, ಪ್ರಭಾವತಿ ತಿಂಡಿ ಕೊಟ್ಟಳು, ತಿಂದೆ, ಪೇಪರ್ ಓದಿದೆ, ಊಟಕ್ಕೆ ಕರೆದಳು.

ಸೇಠ್ ಹೋಟೆಲಿನ ಜಾಗ ಮಾರಿ ನಮ್ಮನ್ನೆಲ್ಲ ಮನೆಗೆ ಕಳಿಸಿ ಎರಡು ತಿಂಗಳಾಯಿತು. ಮದುವೆಯಾಗಿ ಇಪ್ಪತ್ತಮೂರು ವರ್ಷ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ರಜೆಗೆ ಬರುತ್ತಿದ್ದವನು ನಾನು. ಒಂದೇ ಸಮನೆ ಇಷ್ಟು ದಿನ ಈ ಮನೆಯಲ್ಲಿ ಉಳಿದದ್ದು ಇದೇ ಮೊದಲು. ಮಗಳನ್ನು ಕಳೆದ ವರ್ಷ ಬ್ರಹ್ಮಾವರಕ್ಕೆ ಕೊಟ್ಟ ಮೇಲೆ ಪ್ರಭಾವತಿ ಒಬ್ಬಳೇ ಇದ್ದಳು. ರಜೆಗೆ ಬಂದವನಿಗೆ ಇದ್ದ ಮರ್ಯಾದೆಯೇ ನನಗೆ ಈಗಲೂ ನಡೆಯುತ್ತಿದೆ. ನನಗೆ ಮೊದಲು ಬಡಿಸಿ ಬಾಗಿಲ ಹತ್ತಿರ ನಿಲ್ಲುತ್ತಾಳೆ. ನಾನು ಕೈ ತೊಳೆದ ಮೇಲೆ ಅವಳ ಊಟ. ಹೋಟೆಲಿನಲ್ಲಿ ಒಳ್ಳೆಯ ಗಿರಾಕಿಗೆ ನಾವೂ ಹೀಗೆಯೇ ಮಾಡುತ್ತಿದ್ದೆವು. ಸುಖವಾಗಿಯೇ ಇದೆ, ಸುಳ್ಳು ಯಾಕೆ ಹೇಳಲಿ.

ಭೋಜ ಫೋನ್ ಮಾಡಿದ್ದ. ನಾವಿಬ್ಬರೂ ಒಂದೇ ಹೋಟೆಲಿನಲ್ಲಿ ಲೋಟ ತೊಳೆದು ಮೇಲೆ ಬಂದವರು. ಅವನು ಈಗ ಮಾಲೀಕ. ವಾಶಿಯಲ್ಲಿ ಅವನ ಹೊಸ ಹೋಟೆಲು ಜೂನ್‌ಗೆ ಶುರುವಂತೆ. "ಕೌಂಟರಿಗೆ ನೀನೇ ಆಯ್ಕ್ ಮಾರಾಯಾ. ಬಪ್ಪುದ್ ಹೌದಲ್ದಾ?" ಎಂದ. ಬರುತ್ತೇನೆ ಎಂದೆ. ಪ್ರಭಾವತಿ ಜಗಲಿಯಲ್ಲಿ ಕೂತು ತೆಂಗಿನ ಗರಿ ಸೀಳುತ್ತಿದ್ದಳು. ಕೇಳಿಸಿರಬೇಕು. ಸೀಳುತ್ತಲೇ ಇದ್ದಳು.

ಜನವರಿ ೧೪

ಕುಂದಾಪುರಕ್ಕೆ ಹೋಗಿ ಶೇಖರನ ಅಂಗಡಿಯಲ್ಲಿ ಕೂತಿದ್ದೆ. ಶೇಖರ ನನ್ನ ಶಾಲೆಯ ದೋಸ್ತಿ. ಹೋಟೆಲಿಗೆ, ಊಟದ ಕಾಂಟ್ರಾಕ್ಟಿನವರಿಗೆ, ಕೊಲ್ಲೂರಿನ ಲಾಡ್ಜುಗಳಿಗೆ ಬೇಕಾದ ಪಾತ್ರೆ ಪರಡಿ ಎಲ್ಲ ಅವನಲ್ಲಿ ಸಿಗುತ್ತದೆ. ಅವನಿಗೊಂದು ಕೆಟಲಾಗ್ ಆಗಬೇಕು. ಗ್ರೈಂಡರಿನಿಂದ ಹಿಡಿದು ಚಮಚದವರೆಗೆ ಪ್ರತಿಯೊಂದಕ್ಕೂ ಚಿತ್ರ, ಅಳತೆ, ವಿವರ. ನೂರು ಪುಟದ ಹತ್ತಿರ ಹೋಗಬಹುದು. ಮೇ ತಿಂಗಳಲ್ಲಿ ಮುಂಬೈ, ಪುಣೆ, ಬೆಂಗಳೂರಿನ ಹೋಟೆಲಿನವರೆಲ್ಲ ಊರಿಗೆ ಬರುತ್ತಾರಲ್ಲ, ಆಗ ಅವರ ಕೈಗೆ ಕೊಡಬೇಕು.

ಹಿಂದಿನ ಸಲ ಮಂಗಳೂರಿನ ಒಂದು ಏಜೆನ್ಸಿಗೆ ಕೊಟ್ಟಿದ್ದನಂತೆ. ಅವರು ಇಡ್ಲಿ ತಟ್ಟೆಯ ಕೆಳಗೆ 'ಮೊಟ್ಟೆ ಸ್ಟ್ಯಾಂಡ್' ಎಂದು ಹಾಕಿಬಿಟ್ಟಿದ್ದರು.

"ನೀ ಮಾಡ್" ಎಂದ ಶೇಖರ.

"ನಂಗೆ ಕಂಪ್ಯೂಟರ್ ಗೊತ್ತಿಲ್ಲೆ."

"ಕಂಪ್ಯೂಟರ್ ಕಲ್ತ್‌ಕಂಬುಕೆ ಆತ್. ತಪ್ಪಲೆ ಯಾವ್ದ್, ಬೋಗುಣಿ ಯಾವ್ದ್ ಅಂದೇಳಿ ಅವ್ರಿಗ್ ಯಾರ್ ಕಲ್ಸೂದ್? ಏಪ್ರಿಲ್ ಒಳ್ಗೆ ಆಯ್ಲಿಲ್ಲೆ ಅಂದ್ರೆ ಮತ್ತೆ ಅವ್ರಿಗೇ ಕೊಡ್ತೆ."

ಸುಮ್ಮನೆ ಕೂತು ಜೂನ್ ಕಾಯುವ ಬದಲು ಇದಾದರೂ ಆಗಲಿ ಎಂದು ಒಪ್ಪಿದೆ.

ಜನವರಿ ೨೩

ಕುಂದಾಪುರದ ಶಾಸ್ತ್ರಿ ಸರ್ಕಲ್ ಹತ್ತಿರ ಮಹಡಿಯ ಮೇಲೆ ಕಂಪ್ಯೂಟರ್ ಸೆಂಟರ್. ಟೀಚರ್ ಹೆಸರು ಸೌಜನ್ಯ. ಗಂಗೊಳ್ಳಿಯ ಹುಡುಗಿ, ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಹೆಸರಿಗೂ ಅವಳ ಬಾಯಿಗೂ ಸಂಬಂಧವಿಲ್ಲ.

ಪೇಜ್‌ಮೇಕರ್ ಎಂಬ ಸಾಫ್ಟ್‌ವೇರ್. ಖಾಲಿ ಪುಟವೊಂದು ಪರದೆಯ ಮೇಲೆ ಬರುತ್ತದೆ. ಅಕ್ಷರಗಳನ್ನು ಒಂದು ಚೌಕದಲ್ಲಿ ತಂದು ಇಳಿಸಬೇಕು, ಚಿತ್ರವನ್ನು ಇನ್ನೊಂದರಲ್ಲಿ. ಎಲ್ಲ ಮೌಸಿನಿಂದಲೇ. ಮೂವತ್ತು ವರ್ಷ ಆರು ಟೀ ಒಂದೇ ಕೈಯಲ್ಲಿ ಹಿಡಿದವನು ನಾನು. ಈ ಇಲಿ ಮಾತ್ರ ಹಿಡಿತಕ್ಕೆ ಬರುತ್ತಿಲ್ಲ. ಒಂದು ಬೋಗುಣಿಯ ಚಿತ್ರ ಎಳೆಯಲು ಹೋಗಿ ಅದನ್ನು ದೋಸೆಯಂತೆ ಚಪ್ಪಟೆ ಮಾಡಿದೆ.

"ಅಣ್ಣಾ, ಹಾಂಗ್ ಎಳೀಬೇಡಿ. ಮೂಲೆ ಹಿಡ್ಕಣಿ, ಮೂಲೆ" ಎಂದಳು. ಕ್ಲಾಸಿನ ಮಕ್ಕಳೆಲ್ಲ ತಿರುಗಿ ನೋಡಿದರು. ಮ್ಯಾನೇಜರ್ ಆಗಿ ಎಷ್ಟು ಜನರನ್ನು ಹೀಗೆ ಎಲ್ಲರ ಎದುರು ಬೈದಿದ್ದೆನೋ, ಲೆಕ್ಕ ತೀರುತ್ತಿದೆ.

ಫೆಬ್ರವರಿ ೪

ಇವತ್ತು ಮಾಸ್ಟರ್ ಪೇಜ್ ಕಲಿತೆ. ಅದರ ಮೇಲೆ ಏನಿಟ್ಟರೂ ಎಲ್ಲ ಪುಟಗಳಲ್ಲೂ ಅದು ಬರುತ್ತದೆ. ಗಿರಾಕಿ ಕೂರುವ ಮೊದಲೇ ಎಲ್ಲ ಟೇಬಲ್ಲಿಗೂ ನೀರಿನ ಲೋಟ ಇಡುತ್ತೇವಲ್ಲ, ಹಾಗೆ. ಇಷ್ಟು ಸುಲಭವೇ ಎಂದು ಹಿಗ್ಗಿ, ಸಂಜೆಯವರೆಗೆ ಕೂತು ಸ್ಟೀಲ್ ಲೋಟದ ಪುಟ ಚಂದ ಮಾಡಿದೆ. ಆಮೇಲೆ ನೋಡುತ್ತೇನೆ, ನಾನು ಕೂತದ್ದೇ ಮಾಸ್ಟರ್ ಪೇಜಿನ ಮೇಲೆ. ಗ್ರೈಂಡರಿನ ಪುಟಕ್ಕೆ ಹೋದರೂ ಲೋಟ, ಒಲೆಯ ಪುಟಕ್ಕೆ ಹೋದರೂ ಲೋಟ.

ಸೌಜನ್ಯ ಬೈಯಲಿಲ್ಲ. ಮೇಜಿಗೆ ತಲೆ ಇಟ್ಟು ನಕ್ಕಳು. ಮನೆಗೆ ಬಂದು ಪ್ರಭಾವತಿಗೆ ಹೇಳಿದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ಅವಳೂ ನಕ್ಕಳು. ಅವಳು ನಕ್ಕರೆ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾಳೆ ಎಂದು ಇಷ್ಟು ವರ್ಷ ಗಮನಿಸಿರಲಿಲ್ಲ.

ಫೆಬ್ರವರಿ ೧೮

ಸ್ಟುಡಿಯೋದ ಚಂದಯ್ಯ ತೆಗೆದ ಫೋಟೋಗಳು ಬಂದವು. ಸ್ಟೀಲ್ ಪಾತ್ರೆ ಕನ್ನಡಿಯಂತೆ ಹೊಳೆಯುತ್ತದೆ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಪ್ರತಿ ತಪ್ಪಲೆಯ ಹೊಟ್ಟೆಯ ಮೇಲೂ ಚಂದಯ್ಯನ ಹೊಟ್ಟೆ. ಅಕ್ಕಿ ಸೋಸುವ ಬುಟ್ಟಿಯೊಂದೇ ಬಚಾವಾಗಿದೆ, ತೂತುಗಳ ದೆಸೆಯಿಂದ.

ಮತ್ತೆಲ್ಲ ತೆಗೆಯಬೇಕು. ಪಾತ್ರೆಯ ಸುತ್ತ ಬಿಳಿ ಬಟ್ಟೆ ಕಟ್ಟಿ, ಅದರ ತೂತಿನಿಂದ ಕ್ಯಾಮರಾ ತೂರಿಸಿದರೆ ಆದೀತು ಎಂದ ಚಂದಯ್ಯ. ಮನೆಯಲ್ಲಿ ಕೇಳಿದಾಗ ಪ್ರಭಾವತಿ ನನ್ನ ಹಳೆಯ ಎರಡು ಪಂಚೆ ತೆಗೆದುಕೊಟ್ಟಳು. "ತೂತ್ ಮಾಡಿರೂ ಅಡ್ಡಿಲ್ಲೆ. ನೀವ್ ಉಡೂದಿಲ್ಲೆ ಅಲ್ದಾ" ಎಂದಳು. ನಾನು ಮನೆಯಲ್ಲೂ ಪ್ಯಾಂಟು ಹಾಕಿ ಕೂರುತ್ತೇನಲ್ಲ, ಅದಕ್ಕೆ ಚುಚ್ಚಿದ್ದು ಅಂತ ಬಸ್ಸು ಹತ್ತಿದ ಮೇಲೆ ತಿಳಿಯಿತು.

ಮಾರ್ಚ್ ೧

ಕರೆಂಟ್ ಹೋಯಿತು. ಸೇವ್ ಮಾಡಿರಲಿಲ್ಲ. ಇವತ್ತು ಹೆಚ್ಚು ಬರೆಯುವುದಿಲ್ಲ.

ಮಾರ್ಚ್ ೧೨

ಅರ್ಧಕ್ಕಿಂತ ಹೆಚ್ಚು ಪುಟ ಆಯಿತು. ನನ್ನ ಕೆಲಸ ನನಗೇ ಖುಷಿ ಕೊಡುತ್ತಿದೆ, ಅದನ್ನು ಮುಚ್ಚಿಡುವುದಿಲ್ಲ. ಕಂಪನಿಯವರು ಪಾತ್ರೆಗಳಿಗೆ ಲೀಟರಿನಲ್ಲಿ ಅಳತೆ ಕೊಡುತ್ತಾರೆ. ಯಾವ ಹೋಟೆಲಿನವನು ಲೀಟರ್ ಕೇಳಿದ್ದಾನೆ? ಎಷ್ಟು ಪ್ಲೇಟಿಗೆ ಬರುತ್ತದೆ ಎಂದು ಕೇಳುತ್ತಾನೆ. ಹಾಗಾಗಿ ನಾನು ಪ್ರತಿ ಪಾತ್ರೆಯ ಕೆಳಗೆ ಪ್ಲೇಟಿನ ಲೆಕ್ಕವನ್ನೇ ಹಾಕಿದ್ದೇನೆ. 'ಸಾಂಬಾರು ತಪ್ಪಲೆ, ನಂಬರ್ ಎಂಟು. ಇನ್ನೂರು ಪ್ಲೇಟಿಗೆ.' ಪುಸ್ತಕ ನೋಡಬೇಕಾಗಿಲ್ಲ, ಎಲ್ಲ ಕೈಗೆ ಗೊತ್ತಿದೆ. ಜೊತೆಗೆ ಒಂದೊಂದಕ್ಕೂ ನಾಲ್ಕು ಸಾಲು ವಿವರ.

ಶೇಖರನಿಗೆ ಬಹಳ ಹಿಡಿಸಿತು. ಪ್ರಿಂಟ್ ತೆಗೆದು ಅಂಗಡಿಯ ಗೋಡೆಗೆ ಅಂಟಿಸಿದ್ದಾನೆ. ಬಂದವರೆಲ್ಲ ಓದುತ್ತಾರಂತೆ.

ಭೋಜ ಮತ್ತೆ ಫೋನ್ ಮಾಡಿದ್ದ. ಕೌಂಟರಿಗೆ ಗ್ರಾನೈಟ್ ಹಾಕಿಸುತ್ತಿದ್ದಾನಂತೆ. ಅವನಿಗೆ ಮಾಸ್ಟರ್ ಪೇಜ್ ವಿಷಯ ಹೇಳಲು ಹೋದೆ. ಅವನಿಗೆ ಪುರುಸೊತ್ತಿರಲಿಲ್ಲ.

ಮಾರ್ಚ್ ೨೯

ಮರ್ಯಾದೆ ಹೋಯಿತು.

ಬೈಂದೂರಿನ ಗುಡ್ಡ ಎಂಬವನು ಮೊದಲು ಟೆಂಪೋ ಓಡಿಸುತ್ತಿದ್ದ. ಈ ವರ್ಷ ಮದುವೆ, ಗೃಹಪ್ರವೇಶದ ಊಟದ ಕಾಂಟ್ರಾಕ್ಟ್ ಶುರು ಮಾಡಿದ್ದಾನೆ. ಶೇಖರನ ಗೋಡೆಯ ಮೇಲಿನ ನನ್ನ ಪುಟ ನೋಡಿ, ನಾನೂರು ಜನರ ಊಟಕ್ಕೆ ನಂಬರ್ ಎಂಟರ ತಪ್ಪಲೆ ಎರಡು ಒಯ್ದಿದ್ದ. ಎರಡೂ ತುಂಬ ಸಾಂಬಾರು ಮಾಡಿಸಿದ. ಎರಡನೆಯ ಪಂಕ್ತಿ ಕೂರುವ ಹೊತ್ತಿಗೆ ತಳ ಕಂಡಿತು. ಅಕ್ಕಪಕ್ಕದ ಮನೆಗಳಿಂದ ಮಜ್ಜಿಗೆ ತಂದು ಸುಧಾರಿಸಿದರಂತೆ.

ಇವತ್ತು ಆ ಎರಡೂ ತಪ್ಪಲೆಗಳನ್ನು ತಂದು ಅಂಗಡಿಯ ಎದುರು ಇಳಿಸಿ, "ಹ್ವಾಯ್, ಇದನ್ ಬರ್ದವ್ರ್ ಯಾರ್? ಊಟ ಬಡ್ಸಿ ಗೊತ್ತಿತ್ತಾ ಅವ್ರಿಗೆ?" ಎಂದು ಕೇಳಿದ. ನಾನು ಅಲ್ಲಿಯೇ ಇದ್ದೆ. ನಾನೇ ಎಂದೆ.

ಅವನು ಹೋದ ಮೇಲೆ ಶೇಖರ ಗೋಡೆಯ ಹಾಳೆಗಳನ್ನು ಒಂದೊಂದಾಗಿ ಕಿತ್ತ. "ಈ ಪುಸ್ತಕ ಊರೆಲ್ಲ ಹೋಪುದ್ ಮಾರಾಯಾ. ಹೀಂಗಾರೆ ನನ್ ಹೆಸ್ರ್ ಎಂತ ಆತ್? ತಿಂಗ್ಳ್ ಒಳ್ಗೆ ಸಮ ಮಾಡುಕೆ ಆತ್ತಾ ಕಾಣ್. ಇಲ್ದಿದ್ರೆ ಬಿಡ್, ಮಂಗ್ಳೂರಿಗೆ ಕೊಡ್ತೆ."

ಹೇಗೆ ತಪ್ಪಿತು ಎಂದೇ ನನಗೆ ಅರ್ಥವಾಗುತ್ತಿಲ್ಲ. ಇನ್ನೂರು ಪ್ಲೇಟು ಎಂದರೆ ಇನ್ನೂರು ಪ್ಲೇಟೇ. ಎಷ್ಟು ವರ್ಷ ತುಂಬಿಸಿದ ತಪ್ಪಲೆ ಅದು. ಈಗಲೇ ವಾಶಿಗೆ ಹೊರಟುಬಿಡುವುದು ಒಳ್ಳೆಯದು ಅನಿಸುತ್ತಿದೆ. ಅಲ್ಲಿ ನನ್ನ ಲೆಕ್ಕ ಲೆಕ್ಕವೇ.

ಮಾರ್ಚ್ ೩೦

ಮಧ್ಯಾಹ್ನ ಊಟ ಸೇರಲಿಲ್ಲ. ಪ್ರಭಾವತಿ ಬಾಗಿಲ ಹತ್ತಿರದಿಂದ, "ಸಾಂಬಾರ್ ಸಮ ಆಯ್ಲಿಲ್ಯಾ?" ಎಂದು ಕೇಳಿದಳು. ಸಾಂಬಾರಿನದ್ದೇ ತಾಪತ್ರಯ ಎಂದು ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಸಿಟ್ಟೂ ಬಂತು, ಕಣ್ಣೂ ತೇವವಾಯಿತು. ಅವಳು ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ಒಂದ್ ಪ್ಲೇಟಿಗ್ ನೀವ್ ಎಷ್ಟ್ ಹಾಕ್ತ್ರಿ?"

ಬೆರಳು ಮಡಚಿ ವಾಟಿಯ, ಅಂದರೆ ಪ್ಲೇಟಿನಲ್ಲಿ ಇಡುವ ಸಣ್ಣ ಬಟ್ಟಲಿನ ಗಾತ್ರ ತೋರಿಸಿದೆ. ಪ್ಲೇಟಿಗೆ ಒಂದು ವಾಟಿ. ಇನ್ನೊಂದು ಬೇಕಾದರೆ ಮ್ಯಾನೇಜರನ ಕಡೆ ನೋಡಿ ಕೊಡಬೇಕು.

"ಅಷ್ಟ್ರಗೆ ಇಲ್ಲಿ ಅನ್ನದ್ ಗುಂಡಿಯೂ ತುಂಬುದಿಲ್ಲೆ" ಎಂದು ನಕ್ಕಳು. "ಎಲೆ ಊಟ ಅಂದ್ರೆ ಮೊದ್ಲ್ ಒಂದ್ ಸಲ ಬತ್ತ್, ಮತ್ತೊಂದ್ ಸಲ ಬತ್ತ್, ಕಡಿಗ್ ಬೇಡ ಬೇಡ ಅಂದೇಳಿ ಕೈ ಅಡ್ಡ ಹಿಡ್ದವ್ರಿಗೂ ಒಂದ್ ಸೌಟ್. ಬಡ್ಸದಿದ್ರೆ ಮನೆಯವ್ರಿಗ್ ಮರ್ಯಾದಿ ಇತ್ತಾ?"

ಎಷ್ಟೋ ಮದುವೆ ಮನೆಯಲ್ಲಿ ಉಂಡಿದ್ದೇನೆ. ಕೈ ಅಡ್ಡ ಹಿಡಿದೂ ಇದ್ದೇನೆ. ಆದರೆ ಬಡಿಸುವವನ ಲೆಕ್ಕ ಎಂದರೆ ನನಗೆ ವಾಟಿಯೇ. ಗುಡ್ಡನ ತಪ್ಪಿಲ್ಲ, ತಪ್ಪಲೆಯ ತಪ್ಪೂ ಇಲ್ಲ. ಪ್ಲೇಟಿನ ಲೆಕ್ಕ ತೆಗೆದುಕೊಂಡು ಹೋಗಿ ಎಲೆಗೆ ಹಾಕಿದ್ದೇವೆ.

ಎಷ್ಟು ಸೌಟು ಎಂದು ಸರಿಯಾಗಿ ತೋರಿಸು ಎಂದೆ. ರಾತ್ರಿ ಊಟಕ್ಕೆ ಎರಡು ಎಲೆ ಹಾಕಿ, ಎದುರು ಕೂತು, ಬಡಿಸಿಕೊಂಡು ಉಂಡು ತೋರಿಸಿದಳು. ಅವಳ ಎಲೆಗೆ ಎರಡೂವರೆ ಸೌಟು ಹೋಯಿತು. ನನ್ನದಕ್ಕೆ ಮೂರು. ಸಾಂಬಾರು ಚೆನ್ನಾಗಿತ್ತು.

ಏಪ್ರಿಲ್ ೨

ಶೇಖರನನ್ನು ಒಪ್ಪಿಸಿ, ಅಡುಗೆ ಪಾತ್ರೆಗಳನ್ನೆಲ್ಲ ಒಂದು ಟೆಂಪೋದಲ್ಲಿ ಮನೆಯ ಅಂಗಳಕ್ಕೆ ತರಿಸಿದೆ. ಒಂದೊಂದಕ್ಕೂ ನೀರು ತುಂಬಿ ಅಳೆಯುವುದು. ಪ್ಲೇಟಿಗೆ ಎಷ್ಟು, ಎಲೆಗೆ ಎಷ್ಟು, ಎರಡೂ ಕಾಲಂ ಹಾಕುವುದು. ಸೌಟಿನಲ್ಲೇ ಅಳೆಯುತ್ತ ಕೂತರೆ ಮಳೆಗಾಲ ಬಂದೀತು. ಒಂದು ಕೊಡಪಾನಕ್ಕೆ ಎಷ್ಟು ಸೌಟು ಎಂದು ಮೊದಲು ನೋಡಿಕೊಂಡು ಆಮೇಲೆ ಕೊಡದಲ್ಲೇ ತುಂಬಿಸಿದೆವು. ಈ ಉಪಾಯ ನನ್ನದು, ಬರೆದಿಟ್ಟಿರಬೇಕು. ಅವಳು ಬಾವಿಯಿಂದ ಸೇದಿದಳು, ನಾನು ಹೊತ್ತು ಹೊಯ್ದು ಬರೆದೆ. ಆಮೇಲೆ ಅವಳು ಹೊಯ್ದಳು, ನಾನು ಸೇದಿದೆ. ಅಳೆದ ನೀರು ತೆಂಗಿನ ಸಸಿಗಳಿಗೆ.

ಪಕ್ಕದ ಮನೆಯ ಅಮ್ಮಣ್ಣಿಯಕ್ಕ ಬೇಲಿಯಿಂದ ಇಣುಕಿ, ಮದುವೆಯ ಪಾತ್ರೆಗಳೆಂದುಕೊಂಡು, "ಎಂತ ಪ್ರಭಾ, ಮನೆಗ್ ಮದಿ ಇತ್ತಾ?" ಎಂದರು.

"ಇಲ್ಲೆ ಅಮ್ಮಣ್ಣಿಯಕ್ಕ, ನಮ್ಮವ್ರ್ ಪುಸ್ತಕ ಬರೀತ್ರ್" ಎಂದಳು ಪ್ರಭಾ.

ಮಧ್ಯಾಹ್ನದ ಹೊತ್ತಿಗೆ ಪ್ಯಾಂಟೆಲ್ಲ ಒದ್ದೆ. ಚಂದಯ್ಯ ತೂತು ಮಾಡಿದ ಪಂಚೆಯನ್ನೇ ಉಟ್ಟುಕೊಂಡೆ.

ಏಪ್ರಿಲ್ ೫

ಪಾಯಸದ ವಿಷಯದಲ್ಲಿ ಜಗಳ. ಎಲೆಗೆ ಒಂದು ಸೌಟು ಸಾಕು ಎಂದೆ. ಎರಡಾದರೂ ಬೇಕು ಎಂದಳು. ಗೋಡಂಬಿ ಹಾಕಿದ ಪಾಯಸವನ್ನು ಯಾರು ಬೇಡ ಎನ್ನುತ್ತಾರೆ ಎಂದು ಅವಳ ವಾದ. ಹಾಗೆ ಬಡಿಸಿದರೆ ಮನೆ ದಿವಾಳಿ ಎಂದು ನನ್ನದು. ಮಾತು ಬಿಟ್ಟೆವು. ಸಾಯಂಕಾಲದವರೆಗೆ ಪಾಯಸದ ಕಾಲಂ ಖಾಲಿಯೇ ಇತ್ತು. ದೀಪ ಹಚ್ಚಿದ ಮೇಲೆ ಒಳಗಿನಿಂದ, "ಒಂದೂವರೆ ಅಂದೇಳಿ ಹಾಕಿ" ಎಂದಳು. ಹಾಕಿದೆ.

ಮುಂಬೈಯಲ್ಲಿ ಇದ್ದಾಗ ನಾವು ಜಗಳವಾಡಿದ್ದೇ ನೆನಪಿಲ್ಲ. ಫೋನಿನಲ್ಲಿ ಜಗಳವಾಡುವುದಕ್ಕೆ ಹೊತ್ತೆಲ್ಲಿತ್ತು?

ಏಪ್ರಿಲ್ ೧೬

ಎಲೆಯ ಕಾಲಂ ಸೇರಿಸಿದ ಕೂಡಲೇ ಎಲ್ಲ ಪುಟಗಳಲ್ಲೂ ಅಕ್ಷರ ಹಿಡಿಸದಾಯಿತು. ಜಾಗ ಸಾಲದೆ ಸಾಲುಗಳು ಒಳಗೇ ಉಳಿದರೆ ಪೇಜ್‌ಮೇಕರ್ ಆ ಚೌಕದ ಬುಡದಲ್ಲಿ ಒಂದು ಕೆಂಪು ತ್ರಿಕೋನ ತೋರಿಸುತ್ತದೆ. ಇವತ್ತು ಯಾವ ಪುಟ ತೆರೆದರೂ ಕೆಂಪು. ಅಕ್ಷರ ಚಿಕ್ಕದು ಮಾಡಿ ನೋಡಿದೆ. ಮಾಲೀಕರೆಲ್ಲ ಕನ್ನಡಕದ ವಯಸ್ಸಿನವರು, ಓದಲಾರರು. ಚಿತ್ರ ಚಿಕ್ಕದು ಮಾಡಿದರೆ ಶೇಖರ ಸುಮ್ಮನಿರುವುದಿಲ್ಲ.

ಸೌಜನ್ಯ ಪಕ್ಕದಲ್ಲಿ ಕೂತು ನಾನು ಬರೆದ ವಿವರಗಳನ್ನು ಗಟ್ಟಿಯಾಗಿ ಓದಿದಳು. "ಮುಂಬೈ ಹೋಟೆಲು ಉದ್ಯಮದಲ್ಲಿ ಮೂವತ್ತು ವರ್ಷಗಳ ನನ್ನ ಅನುಭವದಿಂದ ಹೇಳುವುದಾದರೆ, ಈ ಜಾಲರಿ ಬಹಳ ಗಟ್ಟಿ." ಮುಂದಿನ ಪುಟ. "ಮುಂಬೈ ಹೋಟೆಲು ಉದ್ಯಮದಲ್ಲಿ ಮೂವತ್ತು ವರ್ಷಗಳ ನನ್ನ ಅನುಭವದಿಂದ ಹೇಳುವುದಾದರೆ, ಈ ಇಕ್ಕಳ..." ನನ್ನ ಮುಖ ನೋಡಿದಳು.

"ಇಕ್ಕಳಕ್ಕೂ ಬೇಕಾ ಅಣ್ಣಾ ಇದ್?"

ಬೇಡ ಎಂದೆ. ಆ ಸಾಲನ್ನು ಸಿಕ್ಕಲ್ಲೆಲ್ಲ ತೆಗೆದೆ. ಅರ್ಧ ಪುಸ್ತಕದ ಕೆಂಪು ಹೋಯಿತು. ಉಳಿದದ್ದನ್ನು ನಾಳೆ ನೋಡಬೇಕು. ಇದನ್ನು ಓದಿ ನನಗೇ ಈಗ ನಗು ಬರುತ್ತಿದೆ.

ಏಪ್ರಿಲ್ ೨೬

ಬ್ರಹ್ಮಾವರದ ಪ್ರೆಸ್ಸಿಗೆ ಕೊಟ್ಟು ಬಂದೆ. ಜೊತೆಗೆ ಕನ್ನಡ ಫಾಂಟನ್ನೂ ಸಿಡಿಯಲ್ಲಿ ಹಾಕಿ ಕಳಿಸಿದ್ದಳು ಸೌಜನ್ಯ. ಇಲ್ಲದಿದ್ದರೆ ಅಲ್ಲಿಯ ಕಂಪ್ಯೂಟರಿನಲ್ಲಿ ತಪ್ಪಲೆ, ಬೋಗುಣಿ ಎಲ್ಲ ಕೋಳಿ ಕೆರೆದ ಹಾಗೆ ಕಾಣುತ್ತಿತ್ತಂತೆ. ಪ್ರಭಾಳೂ ಬಂದಿದ್ದಳು. ಮಗಳ ಮನೆಯಲ್ಲಿ ಊಟ. ಮಗಳು ನಾವಿಬ್ಬರೂ ಒಟ್ಟಿಗೆ ಬಸ್ಸಿನಿಂದ ಇಳಿದದ್ದು ಕಂಡು, "ಎಂತ ವಿಶೇಷ?" ಎಂದು ಎರಡೆರಡು ಸಲ ಕೇಳಿದಳು. ಪ್ರೆಸ್ಸಿನ ಕೆಲಸ ಎಂದೆ.

ಮೇ ೮

ಪುಸ್ತಕ ಬಂತು. ಹೊಸ ಶಾಯಿಯ ವಾಸನೆ. ಶೇಖರ ಒಂದೊಂದೇ ಪುಟ ಮಗುಚಿ ಕೊನೆಗೆ, "ಅಡ್ಡಿಲ್ಲೆ ಮಾರಾಯಾ" ಎಂದ. ಅವನ ಬಾಯಲ್ಲಿ ಅದು ದೊಡ್ಡ ಮಾತು. ಬೈಂದೂರಿನ ಗುಡ್ಡನಿಗೆ ಅವನೇ ಫೋನ್ ಮಾಡಿ ಕರೆಸಿದ. ಗುಡ್ಡ ಸಾಂಬಾರಿನ ಪುಟ ತೆಗೆದು ಎಲೆಯ ಕಾಲಮಿನ ಮೇಲೆ ಬೆರಳಿಟ್ಟು ನೋಡಿದ. "ಈಗ ಸಮ ಆಯ್ತ್ ಕಾಣಿ" ಎಂದ. ದೊಡ್ಡ ತಪ್ಪಲೆ ನಾಲ್ಕು ಒಯ್ದ.

ಪ್ರಭಾ ಚಿತ್ರಗಳನ್ನೆಲ್ಲ ಬಿಟ್ಟು ತನ್ನ ಕಾಲಂ ಮಾತ್ರ ಮೊದಲಿನಿಂದ ಕೊನೆಯವರೆಗೆ ಓದಿದಳು. ಒಂದು ಕಡೆ ಅನ್ನದ ಲೆಕ್ಕ ತಪ್ಪಿದೆ ಎಂದು ಹಿಡಿದಳು. ಹೌದು, ತಪ್ಪಿದೆ. ಮುಂದಿನ ಸಲ ಸರಿಮಾಡುವ ಎಂದೆ.

ಸಾಯಂಕಾಲ ಬೈಂದೂರಿನ ಒಬ್ಬ ಹೆಂಚಿನ ವ್ಯಾಪಾರಿ ಅಂಗಡಿಗೆ ಬಂದವರು, ತಮಗೂ ಇಂಥದ್ದೊಂದು ಮಾಡಿಕೊಡುತ್ತೀರಾ ಎಂದು ಕೇಳಿದರು. ಕೊಲ್ಲೂರಿನ ಲಾಡ್ಜಿನವರೂ ವಿಚಾರಿಸಿದ್ದಾರಂತೆ. ಜೂನಿಗೆ ಹೊರಡುತ್ತೇನೆ, ಆಗುವುದಿಲ್ಲ ಎನ್ನಬೇಕಿತ್ತು. ಹೆಂಚಿನ ಅಳತೆಗಳನ್ನು ಬರೆದಿಟ್ಟಿರಿ, ಬಂದು ನೋಡುತ್ತೇನೆ ಎಂದೆ.

ಮೇ ೧೯, ಭಾನುವಾರ

ಭೋಜ ಊರಿಗೆ ಬಂದಿದ್ದಾನೆ. ಇವತ್ತು ಕಾರು ಮಾಡಿಕೊಂಡು ನಮ್ಮಲ್ಲಿಗೆ ಬಂದ. ಕೆಟಲಾಗ್ ತೋರಿಸಿದೆ. ಹೋಟೆಲಿಗೆ ಬೇಕಾದ ಸಾಮಾನೆಲ್ಲ ಇದರಿಂದಲೇ ತರಿಸುತ್ತೇನೆ ಎಂದ. ಆಮೇಲೆ, "ಮೂವತ್ತಕ್ಕೆ ಹೊರಡುವ. ನಿಂದೂ ಸೇರ್ಸಿ ಟಿಕೆಟ್ ಮಾಡ್ಸ್ತೆ" ಎಂದ.

ನಾಲ್ಕು ತಿಂಗಳಿನಿಂದ ಬರುತ್ತೇನೆ ಎಂದೇ ಹೇಳಿದವನು ನಾನು. ಅವನು ಕೌಂಟರನ್ನೂ ನನ್ನ ಎತ್ತರ ನೋಡಿಯೇ ಕಟ್ಟಿಸಿದ್ದಾನಂತೆ. ಬೈಂದೂರು, ಹೆಂಚು, ಕೊಲ್ಲೂರು ಎಂದು ಏನೋ ತೊದಲುತ್ತಿದ್ದೆ. ಅಷ್ಟರಲ್ಲಿ ಪ್ರಭಾ ಕಾಫಿ ತಂದಳು. ಭೋಜ ಬಂದಾಗಲೆಲ್ಲ ಲೋಟ ಇಟ್ಟು ಒಳಗೆ ಹೋಗುವವಳು ಇವತ್ತು ಹೋಗಲಿಲ್ಲ.

"ಅವ್ರಿಗ್ ಪುರ್ಸೊತ್ತಿಲ್ಲೆ" ಎಂದಳು.

"ಎಂತ ಅತ್ಗಿ, ಅಷ್ಟೆಲ್ಲ ಕೆಲ್ಸ ಇತ್ತಾ ಇಲ್ಲಿ?" ಭೋಜ ನಗುತ್ತ ಕೇಳಿದ.

"ಇತ್ತ್. ಬೈಂದೂರಿಗ್ ಹೋಯ್ಕ್, ಕೊಲ್ಲೂರಿಗ್ ಹೋಯ್ಕ್." ಕಾಫಿಯ ಲೋಟವನ್ನು ಅವನ ಹತ್ತಿರ ಸರಿಸಿದಳು. ಆಮೇಲೆ ಹೇಳಿದಳು, "ಮತ್ತೆ ನಂಗೂ ಒಬ್ಳೇ ಇದ್ದ್ ಸಾಕಾಯ್ತ್."

ಭೋಜನ ನಗು ನಿಂತಿತು. ನನ್ನ ಕಡೆ ನೋಡಿದ. ನಾನು ಬರುವುದಿಲ್ಲ ಭೋಜ ಎಂದೆ. ಬೇಸರ ಮಾಡಿಕೊಂಡ ಹಾಗೆ ಕಾಣಲಿಲ್ಲ. ಕಾಫಿ ಮುಗಿಸಿ, ಎರಡು ಕೆಟಲಾಗ್ ಕೇಳಿ ತೆಗೆದುಕೊಂಡು ಹೋದ.

ಇಪ್ಪತ್ತಮೂರು ವರ್ಷದಲ್ಲಿ, ನಾನು ಪ್ರತಿ ಸಲ ಬಸ್ಸು ಹತ್ತುವಾಗಲೂ ಅವಳು ಆ ಮಾತನ್ನು ನನಗೆ ಒಮ್ಮೆಯೂ ಹೇಳಿರಲಿಲ್ಲ. ಇವತ್ತೂ ನನಗೆ ಹೇಳಲಿಲ್ಲ. ಭೋಜನಿಗೆ ಹೇಳಿದಳು. ನಾನು ಪಕ್ಕದಲ್ಲೇ ಕೂತಿದ್ದೆ.